ಎಡಗಡೆ

ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದ ಚೀಲದಿಂದ
ಹುಸೇನಪ್ಪ ಲೆನ್ಸು ತೆಗೆದ,
ಬೆಲ್ಲದ ಅಚ್ಚನ್ನು ತಕ್ಕಡಿಗೆ ಇಡುವವನ ಹಾಗೆ.
ಇಪ್ಪತ್ತೆಂಟರಿಂದ ಎಪ್ಪತ್ತು. ಕೈಗೆ ಸೇರಿನ ತೂಕ.
"ಹದಿನಾಲ್ಕು ಸಾವಿರ. ನೋಡ್ಕೋ ಮೊದ್ಲು,
ನೋಡ್ದೆ ಒಯ್ದು ಆಮೇಲೆ ನನ್ನ ಬೈಬ್ಯಾಡ."

ಕೌಲ್ ಬಜಾರಿನ ಆ ಮೆಟ್ಟಿಲ ಕೆಳಗಿನ ಸ್ಟುಡಿಯೋದಲ್ಲಿ
ಬಾಗಿಲೆಳೆದು ಕತ್ತಲು ಮಾಡಿಕೊಂಡೆ,
ಮೊಬೈಲಿನ ಬೆಳಕು ಹಿಂದಿನಿಂದ ಬಿಟ್ಟು ಮುಂದಿನಿಂದ ಇಣುಕಿದೆ.
ಬೂಷ್ಟು ಇಲ್ಲ.
ಬಳ್ಳಾರಿಯ ಬಿಸಿಲಿಗೆ ಅದೊಂದು ಉಪಕಾರವಾದರೂ ಗೊತ್ತು.
ಆದರೆ ಧೂಳಿತ್ತು, ಒಳಗೆ,
ಮೂರನೆಯದೋ ನಾಲ್ಕನೆಯದೋ ಗಾಜಿನ ಮೇಲೆ, ಕೆಂಪಗೆ.
ತೋರಣಗಲ್ಲಿನ ದಾರಿಯಲ್ಲಿ ಅದಿರಿನ ಲಾರಿಗಳು
ಟಾರ್ಪಾಲಿಲ್ಲದೆ ಓಡುತ್ತಿದ್ದ ವರ್ಷಗಳ ಧೂಳು,
ಬಿಳಿ ಎತ್ತೂ ಬಿಳಿ ಕಾರೂ ಮದುಮಗನ ಪಂಚೆಯೂ
ಸಂಜೆಯೊಳಗೆ ಒಂದೇ ಬಣ್ಣವಾಗುತ್ತಿದ್ದವಲ್ಲ, ಆಗಿನದು.
"ಧೂಳು ಫೋಟೋದಾಗ ಬೀಳಲ್ಲ," ಅಂದ.
ನನಗೂ ಗೊತ್ತು. ಆದರೂ ಐನೂರು ಇಳಿಸಲು ಬೇಕಾದೀತೆಂದು
ಮುಖ ಸಿಂಡರಿಸಿದೆ.

ಬಳೆ ತಿರುಗಿಸಿದರೆ ಮೂವತ್ತೈದರ ಹತ್ತಿರ
ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಕರಕ್ ಅಂತು.
ರಬ್ಬರು ಬಿಳಿಚಿ ಅಂಟಂಟು.
ಮೂತಿ ಕೆಳಗೆ ಮಾಡಿ ಹಿಡಿದೆ, ತಾನಾಗಿ ಜಾರಲಿಲ್ಲ.
ಒಳಗಿನ ರೆಕ್ಕೆಗಳಲ್ಲಿ ಎಣ್ಣೆಯಿಲ್ಲ,
ಮುಚ್ಚಿ ತೆರೆಯುವುದು ಎಳೆಗರುವಿನ ಕಣ್ಣಿನಷ್ಟು ಚುರುಕು.
ಫೋಕಸ್ಸು ಮಾತ್ರ ಹೊಲಿಗೆ ಮಷೀನಿನ ಸದ್ದು ಮಾಡುತ್ತ
ಹೋಗಿ, ಯೋಚಿಸಿ, ಬಂತು.

ಗೋಡೆಗೆ ನಿನ್ನೆಯ ಪೇಪರು ಅಂಟಿಸಿದೆ. ಸ್ಟ್ಯಾಂಡು ಹೂಡಿದೆ.
ಐವತ್ತರಲ್ಲಿ, ನಡುವಿನಲ್ಲಿ,
ಶ್ರದ್ಧಾಂಜಲಿ ಜಾಹೀರಾತಿನ ಮುದುಕನ ಮೀಸೆ ಎಣಿಸಬಹುದಿತ್ತು.
ಇಪ್ಪತ್ತೆಂಟರಲ್ಲಿ ಬಲಗಡೆ ಅಕ್ಷರಗಳು ಸರಿ,
ಎಡಗಡೆ ಹತ್ತಿಯ ಭಾವ ನೆನೆದು ಉಬ್ಬಿದಂತಿತ್ತು.
ಪೇಪರು ಸೊಟ್ಟಗಿದೆಯೇನೋ ಎಂದು
ಕ್ಯಾಮೆರಾ ತಲೆಕೆಳಗು ಮಾಡಿ ಮತ್ತೆ ತೆಗೆದೆ.
ಮಸುಕು ಪೇಪರಿನ ಬಲಕ್ಕೆ ಹಾರಿತು.
ಗೋಡೆಯದಲ್ಲ ತಪ್ಪು. ಒಳಗೆ ಯಾವುದೋ ಗಾಜು
ಒಂದು ಕೂದಲಿನಷ್ಟು ಸರಿದು ಕೂತಿದೆ.

ಹುಸೇನಪ್ಪ ಚಹಾ ಊದುತ್ತಿದ್ದ.
"ಹೈದರಾಬಾದಿನಾಗ ತಂದಾಗ್ಲೇ ಹಿಂಗೇ ಇತ್ತು," ಅಂದ,
"ಅದ್ಕೇ ದುಡ್ಡು ಕೊಡೋರನ್ನ ನಡುವೆ ನಿಲ್ಲಿಸ್ತಿದ್ದೆ."

ಆಗ ನೆನಪಾಯಿತು:
ಸುಂಕಮ್ಮಕ್ಕನ ಮದುವೆ ತೆಗೆದವನು ಇವನೇ.
ನಮ್ಮ ನಡುಮನೆಯ ಗೋಡೆಯ ಫೋಟೋದಲ್ಲಿ
ಇಪ್ಪತ್ತಾರು ಜನ ಸ್ಪಷ್ಟ, ಎಡತುದಿಯಲ್ಲಿ ಅವ್ವ ಮಾತ್ರ ಮಸುಕು.
ಇಪ್ಪತ್ತು ವರ್ಷದಿಂದ ಬಂದವರೆಲ್ಲ ಅವಳನ್ನೇ ಅಂದದ್ದು,
"ಒಂದು ಗಳಿಗೆ ಸುಮ್ನೆ ನಿಲ್ಲಾಕ ಆಗ್ಲಿಲ್ವಾ ನಿನಗೆ?"
ನಾನೂ ಅಂದಿದ್ದೇನೆ.

ಹನ್ನೊಂದಕ್ಕೆ ಮುಗಿಸಿದೆ.
ಕೊಳ್ಳಬಹುದಾದ ಲೆನ್ಸೇ ಅದು? ಮೂರು ಜನ ನಿಂತರೆ ಹೌದು,
ಮೂವತ್ತು ಜನ ನಿಂತರೆ ಅಲ್ಲ. ನನ್ನ ಸ್ಟುಡಿಯೋಕ್ಕೆ ಬರುವವರು
ಹೆಚ್ಚೆಂದರೆ ಗಂಡ, ಹೆಂಡತಿ, ಒಂದು ಕೂಸು.
ಮಸುಕು ಎಲ್ಲಿದೆ ಅಂತ ಗೊತ್ತಿದ್ದರೆ ಬಾಳಿಸಬಹುದು,
ಗೊತ್ತಿಲ್ಲದ ಹೊಸದಕ್ಕಿಂತ.

ಮನೆಗೆ ಬಂದವನೇ ಫೋಟೋ ಇಳಿಸಿ ಕಿಟಕಿಗೆ ಹಿಡಿದೆ.
ಅವ್ವನ ಪಕ್ಕದ ಚಪ್ಪರದ ಕಂಬವೂ ಮಸುಕು.
ಕಂಬ ಅಲುಗುವುದಿಲ್ಲ.
"ಅವ್ವಾ, ನೀನು ಅಲುಗಿರಲಿಲ್ಲ," ಅಂದೆ, "ಲೆನ್ಸಿಂದು ತಪ್ಪು."
ಶೇಂಗಾ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ.
"ಅಲುಗಿದ್ನಪ್ಪ ನಾನು. ಅನ್ನ ತಳ ಹಿಡಿದ ವಾಸ್ನೆ ಬಂತು,
ಆ ಕಡೆ ತಿರುಗಿದೆ. ನನಗೆ ಚೆನ್ನಾಗಿ ನೆನಪೈತೆ."

ಆಮೇಲೆ ಚೀಲದ ಕಡೆ ನೋಡಿ,
"ಎಷ್ಟು ಕೊಟ್ಟೆ ಅದಕ್ಕೆ?"

"ಏಳು," ಅಂದೆ.