ಒಂದು ಗಂಟೆ ಮುಂಚೆ

ಇಪ್ಪತ್ತೆರಡು ವರ್ಷದಿಂದ ಸುಟ್ಟ ಮೋಟರು ಬಿಚ್ಚಿ
ತಾಮ್ರದ ತಂತಿ ಸುತ್ತಿ ಕೊಡುವವನು ನಾನು.
ಆಟೋ ಕಾಂಪ್ಲೆಕ್ಸಿನ ಎರಡನೇ ಸಾಲು, ನೀಲಿ ಶಟರು.
ಆಯನೂರಿನಿಂದ, ಹೊಸನಗರದಿಂದ ಹೊತ್ತು ತರುತ್ತಾರೆ:
'ತೀರ್ಥಣ್ಣ, ಗುಂಯ್ ಅಂತೈತೆ, ತಿರ್ಗಲ್ಲ.'
ಕಿವಿಯಿಟ್ಟು ಕೇಳಿ ಹೇಳುತ್ತೇನೆ, 'ಕೆಪಾಸಿಟರ್ ಹೋಗಿದೆ, ಅಷ್ಟೆ.'
ನನ್ನದಕ್ಕೆ ಯಾರೂ ಕಿವಿಯಿಡಲಿಲ್ಲ.
ನಾನೇ ಬಿಡಲಿಲ್ಲ.

ಮೊದಲು ಹೋದದ್ದು ಬಸ್ ಸ್ಟ್ಯಾಂಡ್ ಹಿಂದಿನ ಲಾಡ್ಜಿಗೆ,
ಕಂಬದ ಮೇಲಿನ ಹಳದಿ ಚೀಟಿ ನಂಬಿ.
ತಿಂಗಳ ಎರಡನೇ ಮಂಗಳವಾರ, ರೂಮು ನಂಬರು ಹನ್ನೊಂದು.
ಮೀಸೆಗೆ ಬಣ್ಣ ಹಚ್ಚಿದವನು ನಾಡಿ ಹಿಡಿದು
ಹದಿನಾರರ ನನ್ನ ತಪ್ಪುಗಳನ್ನೆಲ್ಲ
ಪಕ್ಕದಲ್ಲೇ ನಿಂತು ನೋಡಿದವನ ಹಾಗೆ ಹೇಳಿದ.
ಎಂಟು ಸಾವಿರ. ಕಪ್ಪು ಲೇಹ್ಯ.
ತಿಂದೆ. ಎದ್ದು ಕೂತದ್ದು ಹೊಟ್ಟೆ ಮಾತ್ರ, ಮೂರು ರಾತ್ರಿ.

ಆಮೇಲೆ ಮಾತ್ರೆ. ಹೆಸರು ಗೊತ್ತು, ಬಾಯಿಗೆ ಬರದು.
ನಮ್ಮ ಬೀದಿಯ ಮೆಡಿಕಲ್ಲಿನಲ್ಲಿ ಚಂದ್ರಹಾಸನ ಮಗಳು ಕೂರುತ್ತಾಳೆ.
'ಏನು ಮಾಮ?' ಅಂದಾಗೆಲ್ಲ
ವಿಕ್ಸ್ ಕೊಂಡು ಬಂದೆ. ಏಳು ಡಬ್ಬಿಯಾಯಿತು.
ಕೊನೆಗೆ ಭದ್ರಾವತಿಗೆ ಬಸ್ಸು ಹತ್ತಿ
ಗುರುತಿಲ್ಲದ ಅಂಗಡಿಯಲ್ಲಿ ಬರೆದು ತೋರಿಸಿದರೆ
ಅವನು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದ.
'ಡಾಕ್ಟರ ಚೀಟಿ ಎಲ್ಲಿ?' ಅಂದ.
ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ಜ್ವರದ ಕಡೆ ನೋಡಿಕೊಂಡರು.

ದುರ್ಗಿಗುಡಿ, ಮೂರನೇ ಮಹಡಿ, ಲಿಫ್ಟು ಕೆಟ್ಟಿತ್ತು.
ಬಾಗಿಲು ತೆಗೆದರೆ ಹೆಂಗಸು: ಡಾಕ್ಟರ್ ಫ್ಲೇವಿಯಾ ಲೋಬೊ.
ತಪ್ಪಿ ಬಂದವನಂತೆ ಹಿಂದೆ ಸರಿದೆ.
'ಕೂರಿ. ಎಷ್ಟು ದಿನದಿಂದ?'
ಗಿರಾಕಿಗಳನ್ನು ನಾನು ಕೇಳುವ ಧಾಟಿಯೇ.
ಬೀಡಿ ಎಷ್ಟು, ನಿದ್ದೆ ಎಷ್ಟು, ಎದೆ ಹಿಡಿಯುತ್ತಾ,
ಬೆಳಗಿನ ಜಾವ ತಾನಾಗಿ ಏಳುತ್ತಾ?
ನಾಲಿಗೆ ಕೆಳಗಿಡುವ ಹೃದಯದ ಗುಳಿಗೆ ಇದೆಯಾ?
'ಅದೂ ಇದೂ ಸೇರಿದರೆ ಬಿಪಿ, ಬಾವಿಗೆ ಬಿದ್ದ ಕೊಡ.'
ರಕ್ತ ತೆಗೆಸಿದರು. ಶುಗರ್ ಮುನ್ನೂರ ಹತ್ತು.
'ಇದು ಸಕ್ಕರೆ, ತೀರ್ಥೇಶ್. ಪಾಪ ಅಲ್ಲ.'

ಮಾತ್ರೆ ಇದೆ. ಒಗ್ಗದಿದ್ದರೆ ಸೂಜಿ, ಅಲ್ಲಿಗೇ
(ನನ್ನ ಮುಖ ನೋಡಿ, 'ಸೊಳ್ಳೆ ಕಚ್ಚಿದಷ್ಟು').
ಅದೂ ಬೇಡವೆಂದರೆ ಗಾಳಿ ಎಳೆಯುವ ಪಂಪು...
ಪಂಪು!
ಊರಿನ ಅರ್ಧ ಪಂಪುಗಳ ಗಾಳಿ ತೆಗೆದವನಿಗೆ!
ನಕ್ಕುಬಿಟ್ಟೆ. ಆಪರೇಷನ್ನಿನ ಮಾತು ಕಿವಿಗೆ ಬೀಳಲೇ ಇಲ್ಲ.
'ಮನೆಯವರಿಗೆ ಹೇಳಿದ್ದೀರಾ?'
ನಗು ನಿಂತಿತು.

ನಾಗವೇಣಿ ಅಂಚೆ ಆರ್‌ಡಿ ಏಜೆಂಟು,
ಕಂತು ತಪ್ಪಿದವರ ಲೆಕ್ಕ ನಾಲಿಗೆ ತುದಿಯಲ್ಲಿ.
ಆ ರಾತ್ರಿ ಪಾಸ್‌ಬುಕ್ಕುಗಳ ನಡುವೆ ಕೂತಿದ್ದಳು. ಹೇಳಿದೆ.
ಸುಮಾರು ಎರಡು ವರ್ಷ, ಅಂದೆ.
'ಎರಡು ವರ್ಷ ನಾಲ್ಕು ತಿಂಗಳು.'
ರಬ್ಬರ್ ಬ್ಯಾಂಡ್ ಎಳೆದಳು, ಬಿಟ್ಟಳು.
'ಗರ್ಭಕೋಶ ತೆಗೆಸಿದ ಮೇಲೆ
ನಾನು ಬೇಡಾದೆನೇನೋ ಅಂತ
ಕನ್ನಡೀನ ಗೋಡೆಗೆ ತಿರುಗಿಸಿ ಸೀರೆ ಉಡ್ತಿದ್ದೆ ಮಾರಾಯ್ರೆ.'
ಕನ್ನಡಿ ತಿರುಗಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಮಾತ್ರೆ ಈಗ ಅವಳ ಕೈಚೀಲದಲ್ಲಿ, ರಸೀದಿಗಳ ಜೊತೆ.
ಖಾಲಿ ಹೊಟ್ಟೆ, ಒಂದು ಗಂಟೆ ಮುಂಚೆ.
ಆ ಒಂದು ಗಂಟೆ ಏನು ಮಾಡಬೇಕೆಂದು
ಚೀಟಿಯಲ್ಲಿ ಬರೆದಿರಲಿಲ್ಲ.
ಮೊದಲ ಸಲ ಸುಮ್ಮನೆ ಕೂತೆವು,
ಕೊನೇ ಬಸ್ಸಿಗೆ ಕಾದವರ ಹಾಗೆ.
ನನ್ನ ಕಿವಿ ಕೆಂಪಾಯಿತು, ಮೂಗು ಕಟ್ಟಿತು.
ಅವಳು ಎದ್ದು ಹೋಗಿ
ಏಳರಲ್ಲಿ ಒಂದು ವಿಕ್ಸ್ ಡಬ್ಬಿ ತಂದಳು.
ನಗುತ್ತ ನಗುತ್ತ ಗಂಟೆ ದಾಟಿದ್ದೇ ತಿಳಿಯಲಿಲ್ಲ.

ಬೀಡಿ ಬಿಟ್ಟಿದ್ದೇನೆ, ಹೆಚ್ಚುಕಮ್ಮಿ.
ಬೆಳಿಗ್ಗೆ ತುಂಗೆಯ ಸೇತುವೆವರೆಗೆ ನಡೆಯುತ್ತೇನೆ.
ಮೊನ್ನೆ ಆಯಿತು. ನಿನ್ನೆ ಆಗಲಿಲ್ಲ.
ಆಗದ ರಾತ್ರಿ ಅವಳು ನನ್ನ ಅಂಗೈ ಬಿಡಿಸಿ
ತಂತಿ ಕೊಯ್ದ ಗೆರೆಗಳನ್ನು ಎಣಿಸತೊಡಗಿದಳು.
ಹದಿನೇಳಕ್ಕೆ ಲೆಕ್ಕ ತಪ್ಪಿತು, ನಾಗವೇಣಿಗೆ.
ಮತ್ತೆ ಒಂದರಿಂದ.