ಇನಿಶಿಯಲ್

ಅಧಿವೇಶನದ ಹಿಂದಿನ ವಾರ ಶಾಸಕರು ಬರುತ್ತಾರೆ,
ಗನ್‌ಮ್ಯಾನನ್ನು ಸರ್ವಿಸ್ ಬಸ್‌ಸ್ಟ್ಯಾಂಡಿನ ಕಬ್ಬಿನಹಾಲಿನಂಗಡಿಯಲ್ಲಿ ಕೂರಿಸಿ
ಚಪ್ಪಲಿ ಹೊರಗೆ ಬಿಟ್ಟು.
ಇದು ಡಿಟಿಪಿ ಅಂಗಡಿ, ದೇವರಕೋಣೆ ಅಲ್ಲ ಮಾರಾಯ್ರೆ
ಅಂತ ಇಪ್ಪತ್ತೆರಡು ವರ್ಷದಿಂದ ಹೇಳುತ್ತಿದ್ದೇನೆ.
‘ಅಕ್ಷರ ಉಂಟಲ್ಲ’ ಅನ್ನುತ್ತಾರೆ, ಸ್ಟೂಲು ಎಳೆಯುತ್ತಾರೆ.

ಮೊದಲು ತೆರಿಗೆ.
‘ಬರೆಯಿರಿ ವಾರಿಜಾ. ಸರಕಾರ ಅಂದರೆ
ನಮ್ಮ ಕಣಜದ ಅಕ್ಕಿ ಹೊತ್ತೊಯ್ದು
ನಮ್ಮನ್ನೇ ಊಟಕ್ಕೆ ಕರೆಯುವ ಭಾವ.’
ಒಳ್ಳೆಯ ಸಾಲು. ನಗುತ್ತಲೇ ಹೊಡೆಯುತ್ತೇನೆ.
ಮನೆತೆರಿಗೆ ಏರಬಾರದು. ಕಸದ ಸೆಸ್ಸು ಹೋಗಬೇಕು.
ಹೆಂಗಸರಿಗೆ ಪುಕ್ಕಟೆ ಬಸ್ಸು ಬೇಡ
(ನನ್ನ ದಾರಿಯಲ್ಲಿ ಓಡುವುದೆಲ್ಲ ಪ್ರೈವೇಟು,
ಬೇಡವೆನ್ನುವ ಮೊದಲೇ ನನಗದು ಸಿಕ್ಕಿಲ್ಲ).
ಆದರೆ ತನ್ನ ಮನೆಯ ತೆರಿಗೆ ಏಪ್ರಿಲಿನಲ್ಲೇ ಕಟ್ಟಿ
ರಸೀದಿ ಲ್ಯಾಮಿನೇಟ್ ಮಾಡಿಸುವುದು ನನ್ನಲ್ಲೇ.
ಪುಟಕ್ಕೆ ಇಷ್ಟೆಂದರೆ ಅಷ್ಟು. ಚೌಕಾಸಿ ಇಲ್ಲ.

ಆಮೇಲೆ ಕುಟುಂಬ.
ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರಸುತ್ತಾರೆ.
‘ಕುಟುಂಬವೇ ಮೊದಲ ಸರಕಾರ. ತಂದೆಯೇ ಯಜಮಾನ.
ತಂದೆಯ ಮನೆ, ತಂದೆಯ ಹೆಸರು.
ಇದು ಸಾವಿರಾರು ವರ್ಷಗಳ ನಮ್ಮ ಪರಂಪರೆ.’

ಬೆರಳು ನಿಂತಿತು.

ನನ್ನ ಅಜ್ಜಿ ದುಗ್ಗಕ್ಕೆ ಹುಟ್ಟಿದ ಮನೆಯಲ್ಲೇ ಹೆತ್ತಳು, ಅಲ್ಲೇ ಸತ್ತಳು.
ಅಜ್ಜ ಕತ್ತಲಾದ ಮೇಲೆ ಸೂಟೆ ಬೀಸುತ್ತ ಗದ್ದೆಯ ಹುಣಿಯಲ್ಲಿ ಬರುವರು,
ಬೆಳಗ್ಗೆ ಗಂಜಿ ಕುಡಿದು ಹೊರಡುವರು, ನೆಂಟರ ಹಾಗೆ.
ಅವರ ಆಸ್ತಿ ಅವರ ತಂಗಿಯ ಮಕ್ಕಳಿಗೆ.
ನಮ್ಮ ಬಳಿ ನಮಗೆ ಬಂದದ್ದು ಅಜ್ಜಿಯಿಂದ.
ಹಾಗಂತ ಅಜ್ಜಿ ರಾಣಿಯೇನಲ್ಲ,
ಪತ್ತಾಯದ ಕೀಲಿಕೈ ಅಣ್ಣನ ಸೊಂಟದಲ್ಲೇ ಇತ್ತು.

‘ಸರ್’ ಅಂದೆ, ‘ನಿಮ್ಮ ಇನಿಶಿಯಲ್ ಯಾರದ್ದು?’

ಪಿ. ಜಗಜೀವನ ಹೆಗ್ಡೆ.
ಲೆಟರ್‌ಹೆಡ್ಡಿಗೆ ನಾನೇ ಕೂರಿಸಿದ ಅಕ್ಷರ,
ಹದಿನೆಂಟು ಪಾಯಿಂಟು, ದಪ್ಪ.
ಪಿ ಅಂದರೆ ಪೆರ್ಲಂಜೆಗುತ್ತು.

ಫ್ಯಾನು ತಿರುಗಿತು. ಹೊರಗೆ ಕಂಡಕ್ಟರು
ಮಣಿಪಾಲ ಮಣಿಪಾಲ ಅಂತ ಬಾಗಿಲು ಬಡಿದ.
‘ಅಮ್ಮನ ಮನೆಯದ್ದು’ ಅಂದರು.
ಮತ್ತೆ, ಮೈಕಿಲ್ಲದ ದನಿಯಲ್ಲಿ:
‘ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ.
ಆ ಮನೆಗೆ ಹೋದರೆ ಕೂರಲಿಕ್ಕೆ ಮಣೆ ಹಾಕುವವರಿಲ್ಲ.
ಸ್ವಂತ ಅಪ್ಪನ ಜಗಲಿಯಲ್ಲಿ
ನಾನು ಯಾರೋ ಬಂದವರ ಮಗ.’

ಏನು ಹೇಳುವುದು.
ಹನ್ನೊಂದು ವರ್ಷ ಅಮ್ಮನನ್ನು ತಾನೇ ಎತ್ತಿ ಮೀಯಿಸಿದ ಮನುಷ್ಯ.
ನನ್ನ ಮಗಳ ಶಾಲೆಯ ಫಾರ್ಮಿನಲ್ಲಿ
ತಂದೆಯ ಹೆಸರಿನ ಎದುರು ನಾನು ಗೆರೆ ಎಳೆದಾಗ
ಹೆಡ್‌ಮೇಡಂಗೆ ಫೋನು ಮಾಡಿದವರೂ ಇವರೇ:
‘ತಾಯಿಯ ಅಕ್ಷರ ಹಾಕಿಕೊಳ್ಳಿ, ನಾನು ಹೇಳಿದ್ದೇನೆ ಅನ್ನಿ.’
ಅದು ಯಾವ ಭಾಷಣದಲ್ಲೂ ಬಂದಿಲ್ಲ.
ಬಿಟ್ಟುಹೋದ ಹೆಂಗಸರಿಗೆ ಪಿಂಚಣಿ ಬೇಡ, ಅದು ಮನೆಯವರ ಕೆಲಸ
ಎಂಬುದು ಬಂದಿದೆ, ಎರಡು ಸಲ.
ಎರಡು ಸಲವೂ ಹೊಡೆದದ್ದು ನಾನು, ತಪ್ಪಿಲ್ಲದೆ.

‘ಸಾವಿರಾರು ತೆಗೆಯಿರಿ’ ಅಂದರು.
‘ಎಷ್ಟು ಹಾಕಲಿ?’
ಯೋಚಿಸಿದರು, ಬಜೆಟ್ಟಿನ ಅಂಕಿಗೂ ಹಾಗೆ ಯೋಚಿಸಿದ್ದು ನಾನು ಕಾಣೆ.
‘ಬಹಳ ಅಂತ ಹಾಕಿ. ಬಹಳ ವರ್ಷಗಳ.’
‘ಯಜಮಾನ?’
‘ಅದು ಇರಲಿ.’
ಅದು ಇತ್ತು.

ದುಡ್ಡು ಎಣಿಸಿ ಇಟ್ಟರು, ಬಿಲ್ಲು ಕೇಳಿದರು,
ಚಪ್ಪಲಿ ಹುಡುಕಿದರು; ಯಾರೋ ಮೆಟ್ಟಿ ಆಚೆ ಸರಿಸಿದ್ದರು.
ವೋಟು ಯಾರಿಗೆ ಅಂತ ಅವರು ಕೇಳುವುದಿಲ್ಲ,
ನಾನು ಹೇಳುವುದಿಲ್ಲ.

ಶಟರು ಎಳೆಯುವ ಮೊದಲು ಫೈಲಿಗೆ ಹೆಸರು ಕೊಡಬೇಕಲ್ಲ.
ಕೊಟ್ಟೆ: ಪರಂಪರೆ, ಎರಡನೆಯ ಪ್ರೂಫು.