ಬೆದೆಯ ಲೆಕ್ಕ

ಮಳೆಗೆ ಅಂತ ಶ್ರೀರಾಮಪುರದಲ್ಲಿ ಮದುವೆ ಮಾಡಿಸಿದರಲ್ಲ,
ಆ ಹೆಣ್ಣು ನಮ್ಮದೇ. ಬೆಳ್ಳಿ ಅಂತ ಹೆಸರು.
ಟ್ಯಾಂಕರಿನ ಮುಂದೆ ಜನ ಕೊಡ ಹಿಡಿದು ಬಡಿದಾಡಿದ ವರ್ಷ.
ಐನೂರು ಕೈಗಿಟ್ಟು, ಒಂದು ಹೊತ್ತಿಗೆ ಕಳಿಸು ಓಬಳಮ್ಮ ಅಂದರು.
ಐನೂರಕ್ಕಲ್ಲ ನಾನು ಒಪ್ಪಿದ್ದು.

ಕೆಚ್ಚಲು ಬತ್ತಿ ನಾಲ್ಕು ತಿಂಗಳು.
ಹಳೇ ಮರಿ ತಾಯಿಯಷ್ಟೇ ಎತ್ತರ ಬೆಳೆದಿತ್ತು.
ಒಂದು ಒಳಲೆ ಕತ್ತೆಹಾಲು ಅಂತ ಕೇಳುವ ಅಜ್ಜಿಯರಿಗೆ
ನಾಳೆ ಬನ್ನಿ, ನಾಳೆ ಬನ್ನಿ.
ಗಂಡು ಎಲ್ಲಿ ಸಿಗುತ್ತೆ ಈ ಊರಲ್ಲಿ?
ಮಷೀನು ಬಂದ ಮೇಲೆ ಅಗಸರು ಮಾರಿಕೊಂಡರು ಎಲ್ಲಾನು.
ಉಳಿದದ್ದು ದೋಬಿಘಾಟಿನ ಪಿಳ್ಳಪ್ಪನದೊಂದು,
ಅದೇ ಮದುಮಗ.

ಅರಿಶಿನ ಬಳಿದರು. ಹಸಿರು ಸೀರೆ ಹೊದಿಸಿದರು.
ಕಿವಿ ಅಡ್ಡ ಬಂದು ಬಾಸಿಂಗ ನಿಲ್ಲದೆ
ಕೊನೆಗೆ ಗೋಣಿದಾರದಲ್ಲಿ ಬಿಗಿದರು.
ಮೊಬೈಲು ಎತ್ತಿಕೊಂಡ ಹುಡುಗರು, ಮುತ್ತು ಕೊಡೋ ಅಂತ ಕೂಗಿದರು.
ಬೆಳ್ಳಿ ತಿರುಗಿ ಹಿಂಗಾಲಲ್ಲಿ ಒಂದು ಬಿಟ್ಟಳು,
ನೇರ ಎದೆಗೆ.
ನಾಚಿಕೆ, ನಾಚಿಕೆ ಅಂತ ಹೆಂಗಸರು ನಕ್ಕರು.
ನಾಚಿಕೆಯಲ್ಲ ಕಣ್ರೀ. ದಿನ ಅಲ್ಲ, ಅಷ್ಟೆ.
ಇನ್ನೂ ಹದಿನಾರು ದಿನ ಬಾಕಿ ಇತ್ತು.
ಐನೋರ ಪಂಚಾಂಗದಲ್ಲಿ ಅದು ಇರೋದಿಲ್ಲ,
ನಮ್ಮನೆ ಬಾಗಿಲ ಹಿಂದೆ ಸೀಮೆಸುಣ್ಣದ ಗೀಟು.

ಹದಿನಾರನೇ ರಾತ್ರಿ ಶುರುವಾಯಿತು.
ಬಾಯಲ್ಲಿ ಹುಲ್ಲಿಲ್ಲ, ಆದರೂ ಚಪ್ ಚಪ್ ಚಪ್,
ದವಡೆ ತೆರೆದು ಮುಚ್ಚಿ, ಜೊಲ್ಲು ನೆಲಕ್ಕೆ, ಕಿವಿ ಹಿಂದಕ್ಕೆ.
ಮೂರು ಗಂಟೆಗೆ ಹಗ್ಗ ಹಿಡಿದು ಹೊರಟೆ.
ಕಸದ ಲಾರಿ ಬಿಟ್ಟರೆ ರಸ್ತೆಯಲ್ಲಿ ನಾವಿಬ್ಬರೇ.

ಒಗೆಯೋ ಕಲ್ಲುಗಳ ನಡುವೆ ಬಿಟ್ಟೆವು.
ಮಹಾರಾಯನಿಗೆ ಅವಸರವೇ ಇಲ್ಲ.
ಬಂದ, ಮೂಸಿದ, ಮೇಲ್ದುಟಿ ಮಡಚಿ ಆಕಾಶ ನೋಡಿದ,
ಏನೋ ಮರೆತವನಂತೆ ಗೋಡೆ ತನಕ ಹೋಗಿ ನಿಂತ.
ಅವಳು ಕದಲಲಿಲ್ಲ. ಆವತ್ತು ಒದ್ದವಳೇ ಇವಳು?
ಪಿಳ್ಳಪ್ಪನೂ ನಾನೂ ಬೆನ್ನು ತಿರುಗಿಸಿ ನಿಂತೆವು.
ಅವನು ಬೀಡಿ ಹಚ್ಚಿದ.
ಸೋಪಿನಪುಡಿ ಕಿಲೋಗೆ ಎಷ್ಟಾಗಿದೆ ಗೊತ್ತಾ, ಅಂದ.
ಗೊತ್ತಿಲ್ಲ ಅಂದೆ. ಗಂಡ ಹೋಗಿ ಹತ್ತೊಂಬತ್ತು ವರ್ಷ,
ಯಾರ ಪಕ್ಕದಲ್ಲೂ ಇಷ್ಟು ಹೊತ್ತು ಸುಮ್ಮನೆ ನಿಂತಿರಲಿಲ್ಲ.

ಆಮೇಲೆ ಅರಚಿತು ನೋಡಿ ಗಂಡು!
ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ಮೂರು ದೀಪ ಹತ್ತಿದವು.
ಯಾರೋ ಅದು, ಅಂತ ಐದನೇ ಮಹಡಿಯಿಂದ ಬೈದರು.
ಓಲಗ ಅಂದರೆ ಅದು.

ಮಳೆಯೂ ಬಂತು, ಯಾವತ್ತೋ, ತಡವಾಗಿ.
ಮದುವೆಯ ಫಲ ಅಂದರು. ನಾನ್ಯಾಕೆ ಅಲ್ಲ ಅನ್ನಲಿ.
ಗೀಟು ಎಳೆದೆ, ಹನ್ನೆರಡು ತಿಂಗಳು ದಾಟಿ ಮೇಲೆ ಹತ್ತು ದಿನ.
ಒದ್ದೆ ಕಿವಿಯ ಮರಿ ನಡುಗುತ್ತ ಎದ್ದು ನಿಂತಿತು,
ಮೊಲೆ ಸಿಗದೆ ನನ್ನ ಮೊಣಕಾಲು ಚೀಪಿತು.

ಒಂಬತ್ತನೇ ದಿನಕ್ಕೇ ಬಾಣಂತಿ ಬಾಯಲ್ಲಿ ಮತ್ತೆ ಚಪ್ ಚಪ್.
ಎಂಥ ಆತುರವೇ ತಾಯಿ, ಅಂತ ಬೈದೆ.
ಅದೇ ಹೊತ್ತಿಗೆ ವಾರ್ಡಿನವರು ಬಂದು ನಿಂತರು,
ಈ ಸಲವೂ ಮೋಡ ಇಲ್ಲ ಓಬಳಮ್ಮ,
ಜೋಡಿ ಚೆನ್ನಾಗಿ ಹೊಂದಿತ್ತಲ್ಲ, ಬರೋ ಶುಕ್ರವಾರ ಒಳ್ಳೇ ದಿನವಂತೆ.
ಶುಕ್ರವಾರ ಆಗಲ್ಲ, ಅಂದೆ.
ಮುಹೂರ್ತ ಇವತ್ತು ರಾತ್ರಿ, ಮೂರಕ್ಕೆ.
ಬೇಕಾದರೆ ನೀವೂ ಬನ್ನಿ,
ಬೆನ್ನು ತಿರುಗಿಸಿ ನಿಲ್ಲಬೇಕು.